ಶಿಕ್ಷಕಿಯ ಕಣ್ಣಿಗೆ ಬಿದ್ದದ್ದೇನು ಎಂದು ಕೇಳಿ

ನಾಲ್ಕನೆಯ ತರಗತಿಯ ಹುಡುಗನೊಬ್ಬನ ತಂದೆತಾಯಿ ಸಲಹೆ ಕೇಳಲು ನನ್ನ ಬಳಿ ಬಂದಿದ್ದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಸರ್ಕಾರಿ ಶಾಲೆ. ‘ಪಾಠದ ಕಡೆ ಗಮನವಿಲ್ಲ, ಬರೆಯುವುದನ್ನು ಪೂರ್ತಿ ಮಾಡುವುದಿಲ್ಲ’ ಎಂದು ಶಿಕ್ಷಕಿ ಬರೆದು ಕಳುಹಿಸಿದ್ದರು. ಸಿಟ್ಟಿಗೆದ್ದ ತಂದೆ ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ, ‘ಕಲಿಸುವುದು ನಿಮ್ಮ ಕೆಲಸವಲ್ಲವೇ?’ ಎಂದು ಹಾಕಿಬಿಟ್ಟರು. ಅಂದಿನಿಂದ ಶಿಕ್ಷಕಿ ಮೌನ. ಮನೆಯಲ್ಲಿ ದಿನವೂ ಟೀಚರ ನಿಂದನೆ. ಇಬ್ಬರ ನಡುವೆ ಸಿಕ್ಕ ಹುಡುಗ ಬೆಳಿಗ್ಗೆಯಾದರೆ ಹೊಟ್ಟೆನೋವು ಎನ್ನತೊಡಗಿದ್ದ.

ನೋಟ್‌ಪುಸ್ತಕಗಳನ್ನು ತರಿಸಿ ನೋಡಿದೆ. ಪಠ್ಯಪುಸ್ತಕ ನೋಡಿ ಬರೆದ ಪುಟಗಳಲ್ಲಿ ದುಂಡಗಿನ ಅಕ್ಷರ, ಒತ್ತಕ್ಷರವೂ ತಪ್ಪಿಲ್ಲ. ಕಪ್ಪುಹಲಗೆ ನೋಡಿ ಬರೆದ ಸಾಲುಗಳು ಮಾತ್ರ ಅರ್ಧಕ್ಕೇ ನಿಂತಿದ್ದವು. ಲೆಕ್ಕದಲ್ಲಿ 8 ಇರಬೇಕಾದಲ್ಲಿ 3. ಸರ್ಕಾರಿ ಶಾಲೆಗಳ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಪದ್ಧತಿಯಲ್ಲಿ ಮೂರನೆಯ ತರಗತಿಯವರೆಗೆ ಮಕ್ಕಳು ಗುಂಪಾಗಿ ಕುಳಿತು ಕಣ್ಣೆದುರಿನ ಕಾರ್ಡುಗಳಿಂದ ಕಲಿಯುತ್ತಾರೆ. ನಾಲ್ಕಕ್ಕೆ ಬಂದ ಮೇಲೆ ಹಲಗೆ ನೋಡಿ ಬರೆಯುವುದು ಹೆಚ್ಚುತ್ತದೆ. ‘ಟಿವಿಯನ್ನೂ ಹತ್ತಿರ ಹೋಗಿಯೇ ನೋಡುತ್ತಾನೆ’ ಎಂದು ತಾಯಿ ನೆನಪಿಸಿಕೊಂಡರು. ಶಿಕ್ಷಕಿಗೆ ಬೇಕಿದ್ದದ್ದು ಇಂಥ ಮಾಹಿತಿಯೇ.

ಗುಂಪಿನಲ್ಲಿ ಆಡಿದ ಮಾತಿಗೆ ಗುಂಪಿನಲ್ಲೇ ಕ್ಷಮೆ ಕೇಳಿ ಎಂದು ತಂದೆಗೆ ಹೇಳಿದೆ. ಪ್ರಾರ್ಥನೆಯ ಹೊತ್ತಿಗೆ ಶಿಕ್ಷಕಿಯನ್ನು ಗೇಟಿನ ಬಳಿ ಹಿಡಿದು ನಿಲ್ಲಿಸಬೇಡಿ. ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಕೊಡಿ ಎಂದು ಮೊದಲೇ ಕೇಳಿಕೊಳ್ಳಿ. ‘ನನ್ನ ಮಗನಿಗೇಕೆ ಹೀಗೆ ಬರೆದಿರಿ’ ಎಂಬ ಮಾತಿನಿಂದ ಶುರು ಮಾಡಲೇಬೇಡಿ.

ತಾಯಿಗೆ ಬೇರೆಯೇ ಅಳುಕು. ‘ಏಳನೆಯವರೆಗೆ ಓದಿದವಳು ನಾನು, ಅವರೆದುರು ಏನು ಮಾತನಾಡಲಿ?’ ನೋಟ್‌ಪುಸ್ತಕ ತೆರೆದಿಟ್ಟು ಇಷ್ಟು ಹೇಳಿದರೆ ಸಾಕು ಎಂದೆ: ‘ಟೀಚರ್, ಪುಸ್ತಕ ನೋಡಿ ಸರಿಯಾಗಿ ಬರೆಯುತ್ತಾನೆ, ಹಲಗೆ ನೋಡಿದ್ದು ತಪ್ಪುತ್ತಿದೆ. ತರಗತಿಯಲ್ಲಿ ನಿಮಗೇನು ಕಾಣುತ್ತದೆ?’ ಪೋಷಕರ ಸಭೆಗಳನ್ನು ನಿಯಮಿತವಾಗಿ ನಡೆಸಿ ಮಗುವಿನ ಹಾಜರಿ, ಕಲಿಕೆಯ ಬಗ್ಗೆ ತಿಳಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಮಿನಂತೆ ಶಿಕ್ಷಕರ ಕರ್ತವ್ಯ. ಭೇಟಿ ಕೇಳಲು ಹಿಂಜರಿಯಬೇಕಿಲ್ಲ. (ಹೊಡೆತ, ಅವಮಾನದ ವಿಷಯವಾದರೆ ದಾರಿಯೇ ಬೇರೆ. ಅದೇ ಕಾಯ್ದೆಯ 17ನೆಯ ಕಲಂ ಅದನ್ನು ನಿಷೇಧಿಸಿದೆ. ಮುಖ್ಯಶಿಕ್ಷಕರಿಗೆ ಲಿಖಿತ ದೂರು ಕೊಡಬೇಕು.)

ಭೇಟಿಯಲ್ಲಿ ಶಿಕ್ಷಕಿ ಹೇಳಿದ್ದು: ಹುಡುಗ ಮತ್ತೆ ಮತ್ತೆ ಪಕ್ಕದವನ ಪುಸ್ತಕಕ್ಕೆ ಇಣುಕುತ್ತಾನೆ, ಗದರಿದರೆ ಬರೆಯುವುದನ್ನೇ ಬಿಡುತ್ತಾನೆ. ಮರುದಿನವೇ ಅವನನ್ನು ಮುಂದಿನ ಸಾಲಿಗೆ ಕರೆತಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ ಕನ್ನಡಕ ಬಂತು. ಹೊಟ್ಟೆನೋವು ಇನ್ನೂ ಪೂರ್ತಿ ಹೋಗಿಲ್ಲ. ಅದನ್ನೂ ಶಿಕ್ಷಕಿಗೆ ತಿಳಿಸಿ, ಹದಿನೈದು ದಿನ ಬಿಟ್ಟು ಹುಡುಗನನ್ನು ಕರೆದುಕೊಂಡು ಬನ್ನಿ ಎಂದಿದ್ದೇನೆ.