ಸಿಗರೇಟು ಬಿಟ್ಟರೂ ಗಂಟಲು ಯಾಕೆ ಕೇಳುತ್ತೆ?

ಪ್ರಶ್ನೆ: ನನಗೆ 38 ವರ್ಷ. ಸಿಗರೇಟು ಬಿಟ್ಟು ಆರು ತಿಂಗಳಾಯಿತು. ಆದರೂ ಊಟ ಆದ ಮೇಲೆ, ಟೀ ಕುಡಿಯುವಾಗ ಗಂಟಲು ಕೆರೆದಂತಾಗುತ್ತದೆ, ಎದೆಯಲ್ಲಿ ಏನೋ ಖಾಲಿ ಖಾಲಿ. ಮೈಯಲ್ಲಿ ನಿಕೋಟಿನ್ ಇನ್ನೂ ಉಳಿದಿದೆಯೇ? ‘ನಿನಗೆ ಮನಸ್ಸು ಗಟ್ಟಿ ಇಲ್ಲ’ ಅಂತ ಮನೆಯವರು ಬೈಯುತ್ತಾರೆ.

ಉತ್ತರ: ನಿಕೋಟಿನ್ ಉಳಿದಿಲ್ಲ. ರಕ್ತದಲ್ಲಿ ಅದು ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ನಿಮ್ಮ ಮೈಯಿಂದ ಅದು ಹೋಗಿ ತಿಂಗಳುಗಳೇ ಆದವು. ಹಾಗಂತ ಗಂಟಲ ಕೆರೆತ ಸುಳ್ಳಲ್ಲ.

ಹಸಿವು, ಎದೆಬಡಿತ, ಉಸಿರು, ಗಂಟಲ ಉರಿ, ಇಂಥ ಒಳಗಿನ ಸುದ್ದಿಯೆಲ್ಲ ಮೆದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೆ ಮುಟ್ಟುತ್ತದೆ. ‘ಏನೋ ಬೇಕು’ ಅನ್ನಿಸುವುದರಲ್ಲಿ ಅದರ ಪಾಲು ದೊಡ್ಡದು. ವರ್ಷಗಟ್ಟಲೆ ಸೇದಿದವರಿಗೆ ಹೊಗೆ ಗಂಟಲಿಗೆ ತಾಗುವ ಚುರುಕೂ ಆಮೇಲಿನ ಹಿತವೂ ಒಟ್ಟಿಗೇ ನೆನಪಾಗಿ ಕೂತಿರುತ್ತವೆ. ಟೀ ಲೋಟ ಕೈಗೆ ಬಂತೋ, ಮೆದುಳು ಆ ಚುರುಕಿಗೆ ಕಾಯುತ್ತದೆ.

ಇದು ಬೆಳಕಿಗೆ ಬಂದದ್ದು ಅಮೆರಿಕದಲ್ಲಿ, 2007ರ ಒಂದು ಅಧ್ಯಯನದಿಂದ. ಅದರಲ್ಲಿ ಒಬ್ಬನ ಕಥೆ ಇದೆ. ದಿನಕ್ಕೆ 40ಕ್ಕೂ ಜಾಸ್ತಿ ಸಿಗರೇಟು ಸೇದುತ್ತಿದ್ದವನು. 28ನೇ ವಯಸ್ಸಿಗೆ ಪಾರ್ಶ್ವವಾಯು ಹೊಡೆದು ಇನ್ಸುಲಾ ಹಾಳಾಯಿತು. ಅಲ್ಲಿಗೆ ಸಿಗರೇಟೂ ನಿಂತಿತು. ಸೇದಬೇಕೆಂಬ ಆಸೆಯನ್ನು ನನ್ನ ಮೈಯೇ ಮರೆಯಿತು ಅಂದನಂತೆ. ಇನ್ಸುಲಾಕ್ಕೆ ಏಟಾಗಿದ್ದ ಧೂಮಪಾನಿಗಳು 19 ಮಂದಿ. ಅವರಲ್ಲಿ 12 ಮಂದಿಗೆ ಚಟ ಹೀಗೆ ಸಲೀಸಾಗಿ ಬಿಟ್ಟುಹೋಗಿತ್ತು. ಎಲ್ಲರಿಗೂ ಅಲ್ಲ, ಗಮನಿಸಿ. ಇನ್ಸುಲಾ ಒಂದೇ ಕಾರಣ ಅಂತ ನಾನೂ ಹೇಳಲಾರೆ. ಆದರೆ ಇದೇ ಎಳೆ ಹಿಡಿದು, ತಲೆಯ ಹೊರಗಿನಿಂದ ಕಾಂತೀಯ ತರಂಗ ಕೊಡುವ ಒಂದು ಚಿಕಿತ್ಸೆಗೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು.

ನಿಮಗೆ ಅಷ್ಟೆಲ್ಲ ಬೇಕಿಲ್ಲ. ಸೆಳೆತ ಬಂದಾಗ ಅದು ಮೈಯ ಯಾವ ಭಾಗದಲ್ಲಿದೆ ಅಂತ ಸುಮ್ನೆ ನೋಡಿ. ಗಂಟಲೋ, ಎದೆಯೋ, ಹೊಟ್ಟೆಯೋ? ಎಷ್ಟೋ ಸಲ ಅದು ಬರೀ ಹಸಿವು, ಇಲ್ಲವೇ ನಿದ್ದೆಗೆಟ್ಟ ಸುಸ್ತು. ಸೇದದೆ ಕಾದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಊಟದ ನಂತರದ ಟೀಯನ್ನು ಸ್ವಲ್ಪ ದಿನ ಮಜ್ಜಿಗೆಗೆ ಬದಲಿಸಿ ನೋಡಿ. ತೀರಾ ಕಷ್ಟವಾದರೆ ತಂಬಾಕು ಬಿಡಿಸುವ ಸರ್ಕಾರಿ ಉಚಿತ ಸಹಾಯವಾಣಿ ಇದೆ: 1800-11-2356. ಗಂಟಲ ತೊಂದರೆ ಟೀ, ಊಟದ ಹೊತ್ತು ಬಿಟ್ಟು ಬೇರೆ ಹೊತ್ತಲ್ಲೂ ಇದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ.

ಇನ್ನು ಮನೆಯವರ ಬೈಗುಳ. ಬೈಸಿಕೊಂಡಾಗ ಎದೆ ಹೊಡೆದುಕೊಳ್ಳುತ್ತೆ ಅಲ್ವಾ? ಅದನ್ನೂ ನಿಮ್ಮ ಮೆದುಳು ‘ಸಿಗರೇಟು ಬೇಕು’ ಅಂತಲೇ ಓದಿಕೊಳ್ಳಬಹುದು. ಈ ಉತ್ತರವನ್ನು ಅವರಿಗೂ ಓದಲು ಕೊಡಿ.