ಯೊಎನ್ಸೂನಲ್ಲಿ ಬದುಕು ಹೇಗೆ ಅಂತ ಕೇಳಿದ್ದಕ್ಕೆ

ಈಸ್ಟರ್ನ್ ಫಿನ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ, ಅದಿರೋ ಯೊಎನ್ಸೂ ಊರಿನ ಸುತ್ತ ಬರೀ ಕಾಡು-ಕೆರೆಯಂತೆ, ಕೆಲಸ ಸಿಗುತ್ತಾ, ಒಬ್ಬಳೇ ಇರೋಕಾಗುತ್ತಾ ಅಂತ ಕೇಳಿದ್ದೀಯ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೀತೀನಿ.

ಇರೋಕೆ ಖಂಡಿತ ಆಗುತ್ತೆ. ಕೆಲಸದ ಮಾತು ಮಾತ್ರ ಬೇರೆ. ಇಂಗ್ಲಿಷಲ್ಲಿ ಓದು ಮುಗಿಯುತ್ತೆ, ಬ್ಯಾಂಕು, ಆಸ್ಪತ್ರೆ ಎಲ್ಲ ನಡೆಯುತ್ತೆ. ಕೆಲಸಕ್ಕೆ ಫಿನ್ನಿಷ್ ಬೇಕೇ ಬೇಕು. ಯೊಎನ್ಸೂ ಇರೋ ಉತ್ತರ ಕರೇಲಿಯಾ ಈ ದೇಶದಲ್ಲಿ ನಿರುದ್ಯೋಗ ಹೆಚ್ಚಿರೋ ಪ್ರಾಂತ್ಯಗಳಲ್ಲೊಂದು. ಇಲ್ಲಿ ಹುಟ್ಟಿ ಬೆಳೆದ ಹುಡುಗರೇ ಓದು ಮುಗಿಸಿ ಹೆಲ್ಸಿಂಕಿ, ತಾಂಪೆರೆ ಕಡೆ ಹೊರಡ್ತಾರೆ. ಪೂರ್ವಕ್ಕೆ ರಷ್ಯಾ ಗಡಿ. 2022ರಲ್ಲಿ ಅಲ್ಲಿಂದ ಮರ ಬರೋದು ನಿಂತಿತು, 2023ರ ಕೊನೆಗೆ ಗಡಿಯನ್ನೇ ಮುಚ್ಚಿದರು. ಆ ಕಡೆಯ ಪ್ರವಾಸಿಗರನ್ನ ನೆಚ್ಚಿಕೊಂಡಿದ್ದ ಅಂಗಡಿ, ಹೋಟೆಲುಗಳಿಗೆ ದೊಡ್ಡ ಪೆಟ್ಟು ಬಿತ್ತು. ಓದುವಾಗ ವಾರಕ್ಕೆ ಸರಾಸರಿ 30 ಗಂಟೆ ದುಡಿಯೋಕೆ ಅನುಮತಿ ಇದೆ, ಓದು ಮುಗಿದ ಮೇಲೆ ಕೆಲಸ ಹುಡುಕೋಕೆ ಎರಡು ವರ್ಷದ ಪರ್ಮಿಟ್ ಸಿಗುತ್ತೆ. ಭಾಷೆ ಕಲಿಯೋದನ್ನ ಆ ಎರಡು ವರ್ಷಕ್ಕೆ ಅಂತ ಮುಂದೂಡಬೇಡ. ಮೊದಲ ಸೆಮಿಸ್ಟರಲ್ಲೇ ಕ್ಲಾಸಿಗೆ ಸೇರು.

ನಿನ್ನ ವಿಷಯಕ್ಕಂತೂ ಇದಕ್ಕಿಂತ ಒಳ್ಳೆ ಊರಿಲ್ಲ. ಯುರೋಪಿಯನ್ ಫಾರೆಸ್ಟ್ ಇನ್‌ಸ್ಟಿಟ್ಯೂಟಿನ ಮುಖ್ಯ ಕಚೇರಿ 1993ರಿಂದ ಇಲ್ಲೇ ಇದೆ. ಜಾನ್ ಡಿಯರ್ ಕಂಪನಿಯ ಮರ ಕಡಿಯೋ ಯಂತ್ರಗಳು ತಯಾರಾಗೋದೂ ಈ ಊರಲ್ಲೇ. ಆ ಯಂತ್ರದ ಕೆಲಸ ಒಮ್ಮೆ ನಿಂತು ನೋಡು: ಉದ್ದನೆಯ ತೋಳು ಚಾಚಿ ಪೈನ್ ಮರದ ಬುಡ ಹಿಡಿಯುತ್ತೆ, ಕೊಯ್ಯುತ್ತೆ, ಅಡ್ಡ ಮಲಗಿಸಿ ರೆಂಬೆಗಳನ್ನ ಸವರಿ, ಅಳತೆ ಮಾಡಿ ತುಂಡರಿಸುತ್ತೆ. ಒಂದು ನಿಮಿಷವೂ ಹಿಡಿಯಲ್ಲ.

ಶಿರಸಿ ಕಡೆಯವಳು ನೀನು, ಕಾಡು ಅಂದರೆ ನಿನ್ನ ಕಣ್ಣಿಗೆ ಬರೋದು ನೂರೆಂಟು ಜಾತಿಯ ಮರ. ಇಲ್ಲಿ ಪೈನ್, ಸ್ಪ್ರೂಸ್, ಬರ್ಚ್ ಅಷ್ಟರಲ್ಲೇ ಬಹುಪಾಲು ಕಾಡು ಮುಗೀತು. ದೇಶದ ನೆಲದಲ್ಲಿ ಮುಕ್ಕಾಲು ಪಾಲು ಕಾಡೇ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯ ಕುಟುಂಬಗಳ ಸ್ವಂತ ಆಸ್ತಿ. ನಿಮ್ಮ ಕಡೆ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಹಕ್ಕಿದೆಯಲ್ಲ, ಅದು ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರೋಕೆ. ಇಲ್ಲಿ ಮಾಲೀಕ ಮರವನ್ನೇ ಮಾರ್ತಾನೆ, ಪೂರ್ತಿ ಕಡಿದ ಜಾಗದಲ್ಲಿ ಮತ್ತೆ ಕಾಡು ಎಬ್ಬಿಸೋದು ಕಾನೂನಿನ ಕಟ್ಟಳೆ. ಇದರ ಲಾಭ-ನಷ್ಟದ ಬಗ್ಗೆ ಇಲ್ಲಿ ಬಿಸಿಬಿಸಿ ಚರ್ಚೆ ನಡೀತಾನೇ ಇರುತ್ತೆ. ನಿನ್ನಂಥವಳು ಅದರಲ್ಲಿ ಬಾಯಿ ಹಾಕಬೇಕು ಅನ್ನೋದು ನನ್ನಾಸೆ.

ನೀರಿನ ಮಾತಿಗೆ ಬಂದರೆ, ಈ ದೇಶದಲ್ಲಿ ಚಿಕ್ಕವೂ ಸೇರಿ ಸುಮಾರು 1,88,000 ಕೆರೆ-ಸರೋವರಗಳು. ಹಿಮಯುಗದ ನೀರ್ಗಲ್ಲು, ಅಂದರೆ ಜರುಗೋ ಮಂಜುಗಡ್ಡೆಯ ರಾಶಿ, ಬಂಡೆಯನ್ನ ಕೆರೆದು ಹೋದ ಗುಂಡಿಗಳಲ್ಲಿ ನಿಂತ ನೀರು ಇದು. 347 ಮೀಟರ್ ಎತ್ತರದ ಕೋಲಿ ಗುಡ್ಡ ಹತ್ತಿ ಪಿಯೆಲಿನೆನ್ ಸರೋವರ ನೋಡಿದರೆ, ನೀರೊಳಗೆ ದ್ವೀಪವೋ, ದ್ವೀಪದೊಳಗೆ ನೀರೋ ತಿಳಿಯಲ್ಲ.

ಯಾರದೇ ಕಾಡಿರಲಿ, ಮನೆಯಂಗಳ, ಬೆಳೆ ನಿಂತ ಹೊಲ ಬಿಟ್ಟು ಎಲ್ಲಿ ಬೇಕಾದರೂ ನಡೆಯಬಹುದು, ಹಣ್ಣು, ಅಣಬೆ ಆರಿಸಬಹುದು. ಬೆಂಕಿ ಹಾಕೋಕೆ ಮಾತ್ರ ಜಾಗದವರ ಒಪ್ಪಿಗೆ ಬೇಕು. ಒಂಟಿತನಕ್ಕೆ ನಾನು ಕಂಡ ಮದ್ದು ಇದೇ. ಮಾತಿಗೆ ಮೊದಲು ಸ್ವಲ್ಪ ಹಿಂಜರಿಯೋ ಜನ, ಹಣ್ಣಿನ ಬುಟ್ಟಿ ಕೈಯಲ್ಲಿದ್ದರೆ ತಾವಾಗೇ ಮಾತಾಡಿಸ್ತಾರೆ. ಕರೇಲಿಯಾದವರು ಫಿನ್ನರಲ್ಲೇ ಮಾತುಗಾರರು ಅಂತ ಹೆಸರು.

ಅಡುಗೆಯಲ್ಲಿ ಕರೇಲಿಯನ್ ಪಿರಾಕ್ಕ ಕಲಿತುಕೋ. ರೈ ಅನ್ನೋ ಧಾನ್ಯದ ಹಿಟ್ಟನ್ನ ತೆಳ್ಳಗೆ ಲಟ್ಟಿಸಿ, ನಡುವೆ ಹಾಲಲ್ಲಿ ಬೇಯಿಸಿದ ಅನ್ನ ಹರಡಿ, ಕರ್ಜಿಕಾಯಿ ಅಂಚು ಮಡಿಸೋ ಹಾಗೆ ಸುತ್ತ ಚಿವುಟಬೇಕು. ಒಲೆಯಿಂದ ತೆಗೆದ ಕೂಡಲೇ ಮೇಲೆ ಬೆಣ್ಣೆ ಸವರ್ತಾರೆ. ಜೊತೆಗೆ ಕೊಡೋ ಮೊಟ್ಟೆ ಕಲಸಿದ ಬೆಣ್ಣೆ ಬೇಡ ಅಂದರೆ ಯಾರೂ ಬೇಜಾರಾಗಲ್ಲ. ಈ ಬೆಣ್ಣೆಗೂ ಒಂದು ಕಥೆಯಿದೆ. ಒಂದು ಕಾಲಕ್ಕೆ ಈ ಪ್ರಾಂತ್ಯದ ಗಂಡಸರು ನಡುವಯಸ್ಸಿಗೇ ಹೃದಯಾಘಾತದಿಂದ ಸಾಯ್ತಿದ್ದರು. ಜನರ ಮನವಿಯ ಮೇಲೆ 1972ರಲ್ಲಿ ಡಾಕ್ಟರ್ ಪೆಕ್ಕಾ ಪುಸ್ಕಾ ಮುಂದಾಳತ್ವದಲ್ಲಿ ಒಂದು ಯೋಜನೆ ಶುರುವಾಯ್ತು. ಬೆಣ್ಣೆ, ಉಪ್ಪು, ಸಿಗರೇಟು ಕಡಿಮೆ ಮಾಡಿಸೋಕೆ ಹಳ್ಳಿಯ ಗೃಹಿಣಿಯರ ಸಂಘಗಳನ್ನೇ ಜೊತೆಗೆ ಕಟ್ಟಿಕೊಂಡರು. ಕೆಲವು ದಶಕಗಳಲ್ಲಿ ದುಡಿಯೋ ವಯಸ್ಸಿನ ಗಂಡಸರಲ್ಲಿ ಆ ಸಾವುಗಳು ಶೇ. 80ಕ್ಕೂ ಹೆಚ್ಚು ಇಳಿದವು. ನಮ್ಮೂರುಗಳಲ್ಲಿ ಸಕ್ಕರೆ ಕಾಯಿಲೆ ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತೆ.

ಚಳಿಗಿಂತ ಕಷ್ಟ ನವೆಂಬರ್. ಹಿಮ ಇನ್ನೂ ಬಿದ್ದಿರಲ್ಲ, ಎಲ್ಲ ಕಪ್ಪು, ಒದ್ದೆ. ಡಿಸೆಂಬರಲ್ಲಿ ಹಗಲು ಐದೇ ಗಂಟೆ, ಆದರೂ ಹಿಮದ ಬೆಳಕು ಜೊತೆಗಿರುತ್ತೆ. ಡಿ ವಿಟಮಿನ್ ಮಾತ್ರೆ ತಪ್ಪಿಸಬೇಡ. ಸೌನಾಕ್ಕೆ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆಗೆ, ಕರೆದರೆ ಹೋಗು. ಹೆಂಗಸರ ಸರದಿಯೇ ಬೇರೆ, ಸಂಕೋಚ ಬೇಡ. ಕೆರೆ ಹೆಪ್ಪುಗಟ್ಟಿದೆ ಅಂತ ನೀನೇ ಮುಂದಾಗಿ ಕಾಲಿಡಬೇಡ. ಒಬ್ಬರು ನಡೆಯೋಕೆ ಕನಿಷ್ಠ 5 ಸೆಂ.ಮೀ. ಗಟ್ಟಿ ಮಂಜುಗಡ್ಡೆ ಬೇಕು, ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೇರೋಕೆ ಕೊರಳಲ್ಲಿ ಮೊಳೆಗಳ ಜೋಡಿ ಇರಬೇಕು.

ಹೆಲ್ಸಿಂಕಿಯಿಂದ ರೈಲಿಗೆ ನಾಲ್ಕೂವರೆ ಗಂಟೆ. ಆಗಸ್ಟಲ್ಲೇ ಬಂದುಬಿಟ್ಟರೆ ಹಣ್ಣಿನ ಕಾಲ ಸಿಗುತ್ತೆ. ಚಳಿಗಾಲದ ಕೋಟು, ಬೂಟು ಊರಲ್ಲಿ ಕೊಳ್ಳಬೇಡ, ಇಲ್ಲಿ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೇದೇ ಸಿಗುತ್ತೆ. ಆ ತೂಕದಲ್ಲಿ ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಚಿಕ್ಕ ಕುಕ್ಕರ್ ತಾ.