ಹೊರಗಿನ ಐಸಿಗೂ ಆಟಕ್ಕೂ ಯಾವ ಸ್ಕೇಟ್ ಕೊಳ್ಳಲಿ?

ಕೆನಡಾದ ಒಟ್ಟಾವಾದಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟುವ ರಿಡೋ ಕಾಲುವೆ ಮೇಲೆ ಸುತ್ತಾಡಬೇಕು, ಮಗನ ಜೊತೆ ಐಸ್ ಹಾಕಿಯನ್ನೂ ಆಡಬೇಕು ಅಂದಿದ್ದೀರಿ. ಒಂದೇ ಜೊತೆ ಕೊಳ್ಳುವುದಾದರೆ ಹಾಕಿ ಸ್ಕೇಟ್ ತಗೊಳ್ಳಿ.

ವ್ಯತ್ಯಾಸವೆಲ್ಲ ಬ್ಲೇಡಿನಲ್ಲಿದೆ. ಹಾಕಿ ಬ್ಲೇಡು ಗಿಡ್ಡ, ಎರಡೂ ತುದಿ ಮೇಲಕ್ಕೆ ಬಾಗಿರುತ್ತದೆ. ಹಾಗಾಗಿ ಗಕ್ಕನೆ ತಿರುಗಬಹುದು, ನಿಲ್ಲಬಹುದು. ಐಸಿನ ಮೇಲೆ ಕುಣಿದು ಜಿಗಿಯುವವರ ಫಿಗರ್ ಸ್ಕೇಟಿನ ಮೂತಿಯಲ್ಲಿ ಗರಗಸದಂಥ ಹಲ್ಲುಗಳಿವೆ. ಅವರಿಗೆ ಅದೇ ಆಧಾರ, ಆದರೆ ಬಿರುಕು ಬಿಟ್ಟ ಐಸಿನಲ್ಲಿ ಸ್ವಲ್ಪ ಮುಂದೆ ವಾಲಿದಿರೋ, ಹಲ್ಲು ಕಚ್ಚಿಕೊಂಡು ಮುಗ್ಗರಿಸುತ್ತೀರಿ.

ವೇಗದ ಪಂದ್ಯಗಳಿಗೆ ಬಳಸುವ ಸ್ಪೀಡ್ ಸ್ಕೇಟ್ ನಿಮಗೆ ಬೇಡ. ಅದರ ಬ್ಲೇಡು ಉದ್ದ, ದಪ್ಪ ಸುಮಾರು 1 ಮಿ.ಮೀ. ಅಷ್ಟೇ. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ದಾಖಲೆಗಳನ್ನು ಮುರಿದ ಕ್ಲ್ಯಾಪ್ ಸ್ಕೇಟ್ ಇದರದೇ ಜಾತಿ: ಮುಂಗಾಲಿನ ಬಳಿ ಕೀಲು, ಹಿಮ್ಮಡಿ ಎದ್ದರೂ ಬ್ಲೇಡು ಐಸನ್ನು ಬಿಡುವುದಿಲ್ಲ.

ಕಾಲುವೆಯ 7.8 ಕಿ.ಮೀ. ಪೂರ್ತಿ ಹೋಗಿಬರುವ ಹುಚ್ಚು ಹಿಡಿದರೆ ಮಾತ್ರ ನಾರ್ಡಿಕ್ ಸ್ಕೇಟ್ ನೋಡಿ. ಸ್ವೀಡನ್ನಿನವರು ಸರೋವರಗಳ ಮೇಲೆ ದೂರ ಹೋಗಲು ಬಳಸುವುದು ಇದನ್ನೇ. ಹತ್ತಿರ ಹತ್ತಿರ ಅರ್ಧ ಮೀಟರ್ ಬ್ಲೇಡು, ಹಿಮದ ಮೇಲೆ ದೂರ ಜಾರಿಕೊಂಡು ಹೋಗುವವರ ಕ್ರಾಸ್-ಕಂಟ್ರಿ ಸ್ಕೀ ಬೂಟಿಗೆ ಸಿಕ್ಕಿಸಿಕೊಳ್ಳುವುದು. ಸಣ್ಣ ಬಿರುಕುಗಳನ್ನು ಕಾಲುಸಂಕದ ಹಾಗೆ ದಾಟಿಬಿಡುತ್ತದೆ. ಆದರೆ ಇದನ್ನು ತೊಟ್ಟುಕೊಂಡು ಹಾಕಿ ಆಡಲಾಗದು.

ಇನ್ನೊಂದು ವಿಷಯ: ಹೊಸ ಸ್ಕೇಟು ಎಷ್ಟೋ ಸಲ ಸಾಣೆ ಹಿಡಿಯದೆಯೇ ಬರುತ್ತದೆ. ಬ್ಲೇಡಿನ ಅಂಚಿಗೆ ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆದು ನೋಡಿ. ಉಗುರಿನ ಸಣ್ಣ ಪುಡಿ ಉದುರದಿದ್ದರೆ ಮೊದಲು ಸಾಣೆ ಹಿಡಿಸಿ.